ಮನೆಯಲ್ಲೇ ಎಡಿಟಿಂಗಾ? ಮೊದಲು ಸ್ಪೀಕರ್, ಆಮೇಲೆ ಸೌಂಡ್ ಕಾರ್ಡ್

ತುಮಕೂರಿನ ಎಸ್.ಎಸ್. ಪುರಂ, ಬಟವಾಡಿ ಕಡೆ ಮನೆಯ ಒಂದು ರೂಮಿನಲ್ಲೇ ಮದುವೆ ವಿಡಿಯೊ ಎಡಿಟ್ ಮಾಡುವವರು ಸಿಗುತ್ತಾರೆ. ಯೂಟ್ಯೂಬ್‌ಗೆ ಅಡುಗೆ, ತೋಟಗಾರಿಕೆ, ಜನಪದ ಹಾಡು ಹಾಕುವವರೂ ಇದ್ದಾರೆ. ಕ್ಯಾಮೆರಾಗೆ ಧಾರಾಳವಾಗಿ ದುಡ್ಡು ಸುರಿದಿರುತ್ತಾರೆ. ಸೌಂಡ್ ಕೇಳಿಸಿಕೊಳ್ಳುವುದು ಮಾತ್ರ ಲ್ಯಾಪ್‌ಟಾಪಿನ ಪುಟಾಣಿ ಸ್ಪೀಕರಿನಲ್ಲಿ.

ಇದರಿಂದ ಏನಾಗುತ್ತದೆ ಅಂತ ತಿಳಿಯಲು ಮುಹೂರ್ತದ ಕ್ಲಿಪ್ ಒಂದೇ ಸಾಕು. ಪುರೋಹಿತರು ಮಂತ್ರ ಹೇಳುತ್ತಿರುತ್ತಾರೆ. ‘ಗಟ್ಟಿಮೇಳ, ಗಟ್ಟಿಮೇಳ’ ಎಂದ ಕೂಡಲೇ ಡೋಲು, ನಾದಸ್ವರ ಎರಡೂ ಭೋರ್ಗರೆಯುತ್ತವೆ. ಲ್ಯಾಪ್‌ಟಾಪಿನಲ್ಲಿ ಡೋಲಿನ ತಗ್ಗಿನ ಪೆಟ್ಟು ಕೇಳುವುದೇ ಇಲ್ಲ. ಸಾಲದು ಅಂತ ಬಾಸ್ ಏರಿಸಿ ಕೊಡುತ್ತೀರಿ. ಹುಡುಗನ ಮನೆಯವರು ಅದನ್ನು ದೊಡ್ಡ ಟಿವಿ, ಸೌಂಡ್‌ಬಾರ್‌ನಲ್ಲಿ ಹಾಕುತ್ತಾರೆ. ಕಿಟಕಿ ಗಾಜು ನಡುಗುತ್ತದೆ, ಮಂತ್ರದ ಒಂದಕ್ಷರವೂ ಕೇಳುವುದಿಲ್ಲ. ಎಡಿಟರ್ ಕಿವಿ ಕೆಟ್ಟಿದೆ ಅಂತ ಮಾತು ಬರುತ್ತದೆ. ಕೆಟ್ಟಿರುವುದು ಕಿವಿಯಲ್ಲ, ಸ್ಪೀಕರ್.

ಮೊದಲ ಹೆಜ್ಜೆ: ಕೆಲಸ ಯಾವುದು?

ಬರೀ ಎಡಿಟಿಂಗಾ, ರೆಕಾರ್ಡಿಂಗ್ ಕೂಡ ಇದೆಯಾ? ಕ್ಯಾಮೆರಾದಲ್ಲಿ ಬಂದ ಸೌಂಡನ್ನೇ ಕತ್ತರಿಸಿ ಜೋಡಿಸುವುದಾದರೆ ದುಡ್ಡಿನ ಬಹುಭಾಗ ಸ್ಪೀಕರಿಗೆ ಇಡಿ. ಕಂಪ್ಯೂಟರಿನಲ್ಲೇ ಇರುವ ಸೌಂಡ್ ಕಾರ್ಡಿನಲ್ಲಿ ಕೆಲಸ ಶುರು ಮಾಡಬಹುದು. ಮನೆಯಲ್ಲೇ ವಾಯ್ಸ್ ಓವರ್, ಹಾಡು, ಹರಿಕಥೆ ರೆಕಾರ್ಡ್ ಮಾಡುವುದಿದ್ದರೆ ಮಾತ್ರ ಹೊರಗಿನ ಕಾರ್ಡ್ ಬೇಕೇ ಬೇಕು. ತುಂಬಾ ಜನ ಇದನ್ನು ಉಲ್ಟಾ ಮಾಡುತ್ತಾರೆ. ದುಬಾರಿ ಕಾರ್ಡ್ ತಂದು ಅದಕ್ಕೆ ಹಳೇ ಕಂಪ್ಯೂಟರ್ ಸ್ಪೀಕರ್ ಸಿಕ್ಕಿಸುತ್ತಾರೆ.

ಎರಡನೆಯದು: ಸ್ಪೀಕರ್ ಆರಿಸುವುದು

ನಿಮಗೆ ಬೇಕಾದದ್ದು ‘ಸ್ಟುಡಿಯೊ ಮಾನಿಟರ್’ ಎನ್ನುವ ಜಾತಿ. ಹೋಮ್ ಥಿಯೇಟರ್ ಸ್ಪೀಕರ್ ಮದುವೆ ಮನೆಗೆ ಬಂದ ದೂರದ ನೆಂಟರ ಹಾಗೆ, ಎದುರಿಗೆ ಎಲ್ಲವನ್ನೂ ಹೊಗಳುತ್ತದೆ. ಬಾಸ್ ಉಬ್ಬಿಸಿ, ಮೇಲಿನ ಸ್ವರಗಳಿಗೆ ಹೊಳಪು ಹಚ್ಚಿ, ಕೆಟ್ಟ ರೆಕಾರ್ಡಿಂಗನ್ನೂ ಚೆನ್ನಾಗಿ ಕೇಳಿಸುತ್ತದೆ. ಮಾನಿಟರ್ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತದೆ. ಮೊದಲ ಸಲ ಕೇಳಿದಾಗ ಸಪ್ಪೆ ಅನ್ನಿಸಬಹುದು. ಅನ್ನಿಸಲಿ ಬಿಡಿ. 1978ರಲ್ಲಿ ಬಂದ ಯಮಹಾ ಎನ್‌ಎಸ್-10 ಮೂಲತಃ ಮನೆಯಲ್ಲಿ ಹಾಡು ಕೇಳಲು ಮಾಡಿದ ಸ್ಪೀಕರ್. ಕೇಳಲು ಹಿತವಾಗಿರಲಿಲ್ಲ, ತಪ್ಪುಗಳನ್ನು ಮಾತ್ರ ಎತ್ತಿ ತೋರಿಸುತ್ತಿತ್ತು. ಆ ಗುಣಕ್ಕೇ ಜಗತ್ತಿನ ಸ್ಟುಡಿಯೊಗಳೆಲ್ಲ ಅದನ್ನು ಇಟ್ಟುಕೊಂಡವು. ಈಗಿನ ಯಮಹಾ ಎಚ್‌ಎಸ್5ರಲ್ಲಿ ಕಾಣುವ ಬಿಳಿ ಕೋನ್ ಅಲ್ಲಿಂದ ಬಂದದ್ದು.

ಅಳತೆ ನೋಡುವಾಗ ವೂಫರಿನ, ಅಂದರೆ ತಗ್ಗಿನ ಸ್ವರ ಹೊರಡಿಸುವ ದೊಡ್ಡ ಕೋನಿನ, ಇಂಚು ಮುಖ್ಯ. ಮನುಷ್ಯನ ಕಿವಿಗೆ ಕೇಳುವುದು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ, ಅಂಕಿ ಕಡಿಮೆಯಾದಷ್ಟೂ ಸ್ವರ ತಗ್ಗು. ಪ್ರೆಸೋನಸ್ ಈರಿಸ್ ಇ3.5ರಂಥ ಮೂರೂವರೆ ಇಂಚಿನ ಸ್ಪೀಕರ್ ಸುಮಾರು 80 ಹರ್ಟ್ಸ್‌ವರೆಗೆ ಇಳಿಯುತ್ತದೆ. ಮಾತು, ಸಂದರ್ಶನ, ಅಡುಗೆ ವಿಡಿಯೊಗೆ ಅಷ್ಟು ಸಾಕು. ಡೊಳ್ಳು, ಡೋಲು, ಸಿನಿಮಾ ಹಾಡಿನ ರಿಮಿಕ್ಸ್ ಜಾಸ್ತಿ ಇದ್ದರೆ 5 ಇಂಚಿನದಕ್ಕೆ ಹೋಗಿ. ಯಮಹಾ ಎಚ್‌ಎಸ್5, ಜೆಬಿಎಲ್ 305ಪಿ ಈ ಗಾತ್ರದವು. ಎರಡೂ ಸುಮಾರು 50 ಹರ್ಟ್ಸ್ ಆಸುಪಾಸಿನವರೆಗೆ ಕೇಳಿಸುತ್ತವೆ. 8 ಇಂಚಿನದು ಹತ್ತು ಅಡಿ ರೂಮಿಗೆ ಬೇಡ. ಬಾಸ್ ಗೋಡೆಗೆ ಬಡಿದು ಬಡಿದು ರೂಮೆಲ್ಲ ಗುಂಯ್‌ಗುಡುತ್ತದೆ.

‘ಆಕ್ಟಿವ್’ ಅಥವಾ ‘ಪವರ್ಡ್’ ಎಂದು ಬರೆದಿರುವುದನ್ನೇ ತಗೊಳ್ಳಿ. ಆಂಪ್ಲಿಫೈಯರ್ ಒಳಗೇ ಇರುತ್ತದೆ, ಬೇರೆ ಕೊಳ್ಳುವ ತಲೆನೋವಿಲ್ಲ. ಬೆಲೆ ಕೇಳುವಾಗ ಒಂದು ಎಚ್ಚರ. ಐದಿಂಚಿನ ಮಾನಿಟರ್‌ಗಳಿಗೆ ಎಷ್ಟೋ ಕಡೆ ಒಂದೊಂದಕ್ಕೇ ಬೆಲೆ ಹೇಳುತ್ತಾರೆ. ಜೋಡಿಯ ಬೆಲೆ ಅಂದುಕೊಂಡು ಹೋದರೆ ಬಿಲ್ ಡಬಲ್ ಆಗುತ್ತದೆ. ಸುತ್ತಲೂ ಸ್ಪೀಕರ್ ಇಡುವ 5.1, 7.1 ಸೆಟ್‌ಗಳ ಗೋಜಿಗೆ ಹೋಗಬೇಡಿ. ನಿಮ್ಮ ವಿಡಿಯೊ ನೋಡುವವರ ಕೈಯಲ್ಲಿರುವುದು ಮೊಬೈಲ್, ಮನೆಯಲ್ಲಿರುವುದು ಟಿವಿ. ಎರಡು ಸ್ಪೀಕರಿನ ಸ್ಟೀರಿಯೊ ಸರಿಯಾಗಿ ಬಂದರೆ ಸಾಕು.

ಬ್ಲೂಟೂತ್ ಸ್ಪೀಕರ್? ಎಡಿಟಿಂಗಿಗೆ ಖಂಡಿತ ಬೇಡ. ಸೌಂಡ್ 150ರಿಂದ 200 ಮಿಲಿಸೆಕೆಂಡ್ ತಡವಾಗಿ ಬರಬಹುದು. ಸೆಕೆಂಡಿಗೆ 25 ಫ್ರೇಮಿನ ವಿಡಿಯೊದಲ್ಲಿ ಒಂದು ಫ್ರೇಮ್ ಎಂದರೆ 40 ಮಿಲಿಸೆಕೆಂಡ್. ಅಂದರೆ ನಾಲ್ಕೈದು ಫ್ರೇಮ್ ಹಿಂದೆ! ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ. ಅದನ್ನು ಸರಿಮಾಡಲು ಹೋಗಿ ಸರಿಯಿದ್ದ ಸಿಂಕನ್ನೂ ಕೆಡಿಸುತ್ತೀರಿ.

ಕೊಳ್ಳುವ ಮುಂಚೆ ಕಿವಿಯಾರೆ ಕೇಳಿ. ಬೆಂಗಳೂರು ಬರೀ 70 ಕಿಲೋಮೀಟರ್, ಬೆಳಗಿನ ರೈಲು ಹತ್ತಿದರೆ ಸಂಗೀತ ಸಲಕರಣೆಗಳ ಅಂಗಡಿಗಳಲ್ಲಿ ನಾಲ್ಕಾರು ಜೋಡಿ ಕೇಳಿ ಸಂಜೆಗೆ ವಾಪಸ್ ಬರಬಹುದು. ಪೆನ್‌ಡ್ರೈವಿನಲ್ಲಿ ನಿಮಗೆ ಬಾಯಿಪಾಠವಾಗಿರುವ ಒಂದು ಹಾಡು, ನೀವೇ ಎಡಿಟ್ ಮಾಡಿದ ಒಂದು ಕ್ಲಿಪ್ ಒಯ್ಯಿರಿ. ಅಂಗಡಿಯವರು ಹಾಕುವ ಡೆಮೊ ಹಾಡು ಯಾವ ಸ್ಪೀಕರಿನಲ್ಲಾದರೂ ಚೆನ್ನಾಗಿಯೇ ಕೇಳುತ್ತದೆ. ಎರಡು ಜೋಡಿ ಹೋಲಿಸುವಾಗ ಎರಡರ ವಾಲ್ಯೂಮೂ ಒಂದೇ ಇರಲಿ. ಸ್ವಲ್ಪ ಜೋರಾಗಿರುವುದೇ ಒಳ್ಳೆಯದು ಅಂತ ಕಿವಿ ಮೋಸ ಹೋಗುತ್ತದೆ.

ಮೂರನೆಯದು: ರೂಮು

ಆರ್‌ಸಿಸಿ ಛಾವಣಿ, ಟೈಲ್ಸ್ ನೆಲ, ಖಾಲಿ ಗೋಡೆ. ನಮ್ಮ ಮನೆಗಳು ಹೀಗೇ ಅಲ್ವಾ? ರೂಮಿನ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ಹಿಂದೆಯೇ ‘ಟ್ರಿಂಗ್’ ಅಂತ ಮರುದನಿ ಬಂದರೆ ಎಷ್ಟು ಒಳ್ಳೆಯ ಸ್ಪೀಕರ್ ತಂದರೂ ಅರ್ಧ ವ್ಯರ್ಥ. ದಪ್ಪ ಜಮಖಾನ, ಕಿಟಕಿಗೆ ದಪ್ಪ ಪರದೆ, ಹಿಂದಿನ ಗೋಡೆಗೆ ಒರಗಿಸಿದ ಹಳೇ ಹತ್ತಿ ಹಾಸಿಗೆ, ಮಡಿಸಿ ನೇತುಹಾಕಿದ ಕಂಬಳಿ. ಇವು ತುಂಬಾ ಕೆಲಸ ಮಾಡುತ್ತವೆ. ಮೊಟ್ಟೆ ಟ್ರೇ ಅಂಟಿಸುವುದು ಸುಮ್ನೆ ಶ್ರಮ. ಹೊರಗಿನ ಲಾರಿ ಸದ್ದನ್ನೂ ಅದು ತಡೆಯುವುದಿಲ್ಲ.

ಸ್ಪೀಕರ್ ಎರಡು, ನಿಮ್ಮ ತಲೆ ಒಂದು, ಮೂರೂ ಸೇರಿ ಸಮಬಾಹು ತ್ರಿಕೋನ ಆಗಬೇಕು. ಟ್ವೀಟರ್, ಅಂದರೆ ಮೇಲಿನ ಸ್ವರಗಳ ಪುಟ್ಟ ಸ್ಪೀಕರ್, ಕಿವಿಯ ಎತ್ತರಕ್ಕೆ ಇರಲಿ. ಮೂಲೆಗೆ ತಳ್ಳಿದರೆ ಇಲ್ಲದ ಬಾಸ್ ಹುಟ್ಟುತ್ತದೆ. ಪಕ್ಕದ ಗೋಡೆಯ ಮೇಲೆ ಒಬ್ಬರು ಕನ್ನಡಿ ಹಿಡಿದು ಸರಿಸುತ್ತಾ ಹೋಗಲಿ. ನೀವು ಕೂತ ಜಾಗದಿಂದ ಕನ್ನಡಿಯಲ್ಲಿ ಸ್ಪೀಕರ್ ಎಲ್ಲಿ ಕಾಣುತ್ತದೋ ಕಂಬಳಿ ಹಾಕಬೇಕಾದ ಜಾಗ ಅದೇ.

ನಾಲ್ಕನೆಯದು: ಸೌಂಡ್ ಕಾರ್ಡ್

ಹಿಂದೆ ಕಾರ್ಡ್ ಎಂದರೆ ಕಂಪ್ಯೂಟರ್ ಬಿಚ್ಚಿ ಒಳಗೆ ಕೂರಿಸುವುದು. ಈಗ ಯುಎಸ್‌ಬಿಗೆ ಸಿಕ್ಕಿಸುವ ಪೆಟ್ಟಿಗೆ, ಅಂಗಡಿಯಲ್ಲಿ ‘ಆಡಿಯೊ ಇಂಟರ್‌ಫೇಸ್’ ಎಂದು ಕೇಳಿ. ಹೊರಗಿನದೇ ಒಳ್ಳೆಯದು. ಕಂಪ್ಯೂಟರಿನ ಒಳಗೆ ಫ್ಯಾನು, ಗ್ರಾಫಿಕ್ಸ್ ಕಾರ್ಡುಗಳ ವಿದ್ಯುತ್ ಗದ್ದಲ ಇರುತ್ತದೆ. ಕೆಲವು ಕಂಪ್ಯೂಟರುಗಳಲ್ಲಿ ಮೌಸ್ ಸರಿಸಿದರೂ ಸ್ಪೀಕರಿನಲ್ಲಿ ಚರಚರ ಕೇಳುತ್ತದೆ.

ಪೆಟ್ಟಿಗೆಯ ಮೇಲಿನ ಅಂಕಿಗಳಲ್ಲಿ ನೋಡಬೇಕಾದ್ದು ಎರಡೇ. 24 ಬಿಟ್, 48 ಕಿಲೋಹರ್ಟ್ಸ್. ಈ ಕಿಲೋಹರ್ಟ್ಸ್ ಎಂದರೆ ಸೆಕೆಂಡಿಗೆ ಎಷ್ಟು ಸಾವಿರ ಸಲ ಸೌಂಡನ್ನು ಅಳೆಯುತ್ತದೆ ಎನ್ನುವ ಲೆಕ್ಕ. ಬಿಟ್ ಎಂದರೆ ತೀರಾ ಮೆಲ್ಲಗಿನ ಸದ್ದಿಗೂ ತೀರಾ ಜೋರಿನದಕ್ಕೂ ನಡುವೆ ಸಿಗುವ ಜಾಗದ ಲೆಕ್ಕ. ಒಂದು ಬಿಟ್‌ಗೆ ಸುಮಾರು 6 ಡೆಸಿಬೆಲ್ ಲೆಕ್ಕ, 16 ಬಿಟ್ ಎಂದರೆ 96, 24 ಎಂದರೆ 144. ಅಷ್ಟು ಜಾಗ ಇದ್ದರೆ ಗಾಯಕರು ಇದ್ದಕ್ಕಿದ್ದಂತೆ ದನಿ ಏರಿಸಿದರೂ ಒಡೆಯದ ಹಾಗೆ ಲೆವೆಲ್ ಕಡಿಮೆ ಇಟ್ಟು ರೆಕಾರ್ಡ್ ಮಾಡಬಹುದು. ರೆಕಾರ್ಡಿಂಗ್ ಮೀಟರ್ ಮೈನಸ್ 12 ಡೆಸಿಬೆಲ್‌ನ ಆಚೀಚೆ ಆಡಲಿ. ವಿಡಿಯೊ ಲೋಕದ ರೂಢಿ 48, ಸಿಡಿಯದು 44.1. ಎರಡನ್ನೂ ಬೆರೆಸದೆ ಕಾರ್ಡ್, ಪ್ರಾಜೆಕ್ಟ್, ರೆಕಾರ್ಡರ್ ಎಲ್ಲವನ್ನೂ 48ಕ್ಕೇ ಇಡಿ. 192 ಎಂದು ದೊಡ್ಡದಾಗಿ ಬರೆದಿದ್ದರೆ ನಿಮ್ಮ ಕೆಲಸಕ್ಕೆ ಅದು ಅಲಂಕಾರ ಅಷ್ಟೇ. ಅಗ್ಗದ ಬೆರಿಂಗರ್ ಯುಎಂ2 16 ಬಿಟ್‌ಗೇ ನಿಲ್ಲುತ್ತದೆ. ಅದೇ ಕಂಪನಿಯ ಯುಎಂಸಿ202ಎಚ್‌ಡಿ, ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೊ 24 ಬಿಟ್‌ನವು. ಸೋಲೊದಲ್ಲಿ ಒಂದೇ ಮೈಕ್. ಹರಿಕಥೆ ದಾಸರಿಗೊಂದು, ತಬಲಾಕ್ಕೊಂದು ಮೈಕ್ ಬೇಕೆಂದರೆ 202 ನೋಡಿ.

ಕಂಡೆನ್ಸರ್ ಮೈಕ್ (ಕೆಲಸ ಮಾಡಲು ಕರೆಂಟ್ ಬೇಡುವ ಸೂಕ್ಷ್ಮ ಮೈಕ್) ಇದ್ದರೆ ಕೇಬಲ್ ಮೂಲಕವೇ ಅದಕ್ಕೆ ಕರೆಂಟ್ ಕೊಡುವ 48 ವೋಲ್ಟಿನ ಫ್ಯಾಂಟಮ್ ಪವರ್ ಬಟನ್ ಕಾರ್ಡಿನಲ್ಲಿ ಇರಲೇಬೇಕು. ವಿಂಡೋಸ್‌ನವರು ಕಂಪನಿಯ ಸ್ವಂತ ಎಎಸ್‌ಐಒ ಡ್ರೈವರ್ (ಸೌಂಡ್ ತಡವಾಗುವುದನ್ನು ತಗ್ಗಿಸುವ ಸಾಫ್ಟ್‌ವೇರ್) ಇದೆಯೇ ಎಂದು ಕೇಳಿ. ಹಾಡುವವರಿಗೆ ಹೆಡ್‌ಫೋನಿನಲ್ಲಿ ತಮ್ಮ ದನಿ ತಡವಾಗಿ ಕೇಳಿದರೆ ತಾಳ ತಪ್ಪುತ್ತದೆ. ಮೈಕಿನ ದನಿಯನ್ನು ಕಂಪ್ಯೂಟರಿಗೆ ಸುತ್ತಿಸದೆ ನೇರ ಹೆಡ್‌ಫೋನಿಗೆ ಕೊಡುವ ‘ಡೈರೆಕ್ಟ್ ಮಾನಿಟರ್’ ಸ್ವಿಚ್ ಇದ್ದರೆ ಆ ಗೋಳೇ ಇಲ್ಲ.

ಕೊನೆಗೆ: ಜೋಡಣೆ

ಕಾರ್ಡಿನಿಂದ ಸ್ಪೀಕರಿಗೆ ಹೊರಗಿನ ವಿದ್ಯುತ್ ಗದ್ದಲ ತಗ್ಗಿಸುವ ‘ಬ್ಯಾಲೆನ್ಸ್ಡ್’ ಕೇಬಲ್ ಹಾಕಿ. ಗುಂಯ್ ಎಂಬ 50 ಹರ್ಟ್ಸ್ ಹಮ್ ಬರುತ್ತಿದ್ದರೆ ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ನೋಡಿ. ಹಮ್ ನಿಂತರೆ ತಕರಾರು ಅರ್ತಿಂಗಿನದು. ಎಲ್ಲವನ್ನೂ ಒಂದೇ ತ್ರೀ ಪಿನ್ ಸ್ಪೈಕ್ ಬೋರ್ಡಿಗೆ ಕೊಡಿ. ಹಮ್ ತಪ್ಪಿಸಲು ಅರ್ತ್ ಪಿನ್ ಮುರಿಯುವುದು ಅಪಾಯ, ಯಾರು ಹೇಳಿದರೂ ಮಾಡಬೇಡಿ. ಹಳೇ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಸ್ಪೀಕರ್ ಗುಂಯ್‌ಗುಡುವುದು ಸಹಜ. ಸೈನ್ ವೇವ್ ಇದ್ದರೆ ಆ ಕಾಟವಿಲ್ಲ. ಆನ್ ಮಾಡುವಾಗ ಕಂಪ್ಯೂಟರ್, ಕಾರ್ಡ್, ಆಮೇಲೆ ಸ್ಪೀಕರ್. ಆಫ್ ಮಾಡುವಾಗ ಮೊದಲು ಸ್ಪೀಕರ್. ಕರೆಂಟ್ ಹೋದರೆ ಅದು ವಾಪಸ್ ಬರುವ ಮುಂಚೆಯೇ ಸ್ಪೀಕರ್ ಸ್ವಿಚ್ ಆರಿಸಿಡಿ, ಇಲ್ಲದಿದ್ದರೆ ಒಮ್ಮೆಗೇ ಬರುವ ‘ಢಬ್’ ಪೆಟ್ಟು ಟ್ವೀಟರಿಗೆ ಬೀಳುತ್ತದೆ.