ಪಡುವಣ ಗೋಡೆಗೆ ಮತ್ತೆ ಸುಣ್ಣದ ಗಾರೆ

ಸಕಲೇಶಪುರದ ಮಳೆ ಕಂಡವರಿಗೆ ಪಡುವಣ ಗೋಡೆಯ ಪಾಡು ಬಿಡಿಸಿ ಹೇಳಬೇಕಿಲ್ಲ. ತಾತ ಕಟ್ಟಿಸಿದ ನಮ್ಮ ಮನೆ ಸುಟ್ಟ ಇಟ್ಟಿಗೆಯದು. ಇಟ್ಟಿಗೆ ನಡುವೆ ಇರುವುದು ಬರೀ ಮಣ್ಣು, ಮೇಲೆ ಸುಣ್ಣದ ಗಾರೆ. ಆ ಗಾರೆ ಅಲ್ಲಲ್ಲಿ ಉದುರತೊಡಗಿದಾಗ, ಗಟ್ಟಿಯಾಗಿರಲಿ ಅಂತ ಮನೆಯವರು ಅದನ್ನು ಕಿತ್ತು ಸಿಮೆಂಟ್ ಪ್ಲಾಸ್ಟರ್ ಮಾಡಿಸಿದ್ದರು. ಅಲ್ಲಿಂದಾಚೆಗೆ ಪ್ರತಿ ಮಳೆಗಾಲ ಒಳಗಡೆ ಮೂರಡಿ ಎತ್ತರದವರೆಗೂ ತೇವ. ಪೇಂಟ್ ಗುಳ್ಳೆ ಎದ್ದು ಚಕ್ಕೆಚಕ್ಕೆಯಾಗಿ ಬೀಳುತ್ತಿತ್ತು, ಬಿಸಿಲು ಬಿದ್ದ ಮೇಲೆ ಬಿಳೀ ಉಪ್ಪಿನ ಪುಡಿ.

ಸಿಮೆಂಟ್ ಪದರ ಕೂದಲೆಳೆ ಬಿರುಕುಗಳಲ್ಲಿ ನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಆದರೆ ಒಳಗೆ ಹೋದದ್ದು ಆರಿ ಹೊರಬರಲು ಬಿಡುವುದಿಲ್ಲ. ಮಣ್ಣಿನ ಸಂದು, ಮೆತ್ತಗಿನ ಇಟ್ಟಿಗೆ ಇರುವ ಗೋಡೆಗೆ ಅದರಷ್ಟೇ ಮೆತ್ತಗಿರುವ, ಆವಿ ಬಿಡುವ ಗಾರೆಯೇ ಬೇಕು. ನಾನು ಈ ಕೆಲಸಕ್ಕೆ ಕೈ ಹಾಕಿದ್ದೇ ಇದನ್ನು ತಿಳಿದ ಮೇಲೆ.

ಊರಿನ ಹಿರಿಯ ಮೇಸ್ತ್ರಿಯೊಬ್ಬರನ್ನು ಕರೆತಂದು ತೋರಿಸಿದೆ. ಅವರು ಒಳಗೆ ಬರಲೇ ಇಲ್ಲ, ಹೊರಗಿನಿಂದಲೇ ಮನೆಗೆ ಒಂದು ಸುತ್ತು ಹಾಕಿದರು. "ಗೋಡೆ ಆಮೇಲೆ ನೋಡುವ ಮಾರಾಯ್ರೆ, ಈ ಮಣ್ಣು ತೆಗೀರಿ ಮೊದ್ಲು" ಅಂದರು. ಅಂಗಳಕ್ಕೆ ವರ್ಷ ವರ್ಷ ಮಣ್ಣು ಹಾಕಿ ಹಾಕಿ ಅದು ಒಳಗಿನ ನೆಲಕ್ಕಿಂತ ಮೇಲೇರಿತ್ತು. ಗೋಡೆಯುದ್ದಕ್ಕೂ ಅಗೆದು, ನೆಲದಿಂದ ಒಂದು ಗೇಣು ಕೆಳಗಿಳಿಸಿ, ನೀರು ಆಚೆ ಹರಿಯುವ ಹಾಗೆ ಓಟ ಕೊಟ್ಟೆ. ಸೂರಿನ ಒಡೆದ ಹೆಂಚು ಬದಲಾಯಿಸಿದೆ. ಗೋಡೆಯ ತಲೆ ಬಯಲಾದರೆ ಏನಾಗುತ್ತದೆ ಅನ್ನುವುದಕ್ಕೆ ಹೇಮಾವತಿ ಹಿನ್ನೀರಿನ ಶೆಟ್ಟಿಹಳ್ಳಿ ಚರ್ಚ್ ನೋಡಿದರೆ ಸಾಕು. ಚಾವಣಿಯಿಲ್ಲದ ಆ ಗೋಡೆಗಳನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಕಾಫಿ ಕುಯ್ಲು ಮುಗಿದು ಗಿಡದಲ್ಲಿ ಹೂ ಅರಳಿಸುವ ಹೂಮಳೆ ಬರುವುದರೊಳಗೆ ಸಿಗುವ ಬಿಡುವೇ ನಮ್ಮ ಕಡೆ ಗಾರೆ ಕೆಲಸಕ್ಕೆ ಸರಿಯಾದ ಕಾಲ. ಸಿಮೆಂಟನ್ನು ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾ ಹೋದೆ. ಬಿಟ್ಟುಕೊಂಡ ಕಡೆ ಡಬ್ ಡಬ್ ಅನ್ನುತ್ತದೆ. ಅಲ್ಲಿಂದ ಶುರುಮಾಡಿ, ಸಣ್ಣ ಉಳಿಯನ್ನು ಓರೆಯಾಗಿ ಹಿಡಿದು ಎಬ್ಬಿಸಿದೆ. ಉಳಿಯನ್ನು ನೇರ ಹಿಡಿದು ಹೊಡೆದರೆ ಇಟ್ಟಿಗೆಯ ಮುಖವೂ ಕಿತ್ತು ಬರುತ್ತದೆ. ಒಳಗಿನ ಇಟ್ಟಿಗೆಗಳು ಬೆರಳಲ್ಲಿ ಉಜ್ಜಿದರೆ ರಾಗಿಹಿಟ್ಟಿನ ಹಾಗೆ ಉದುರುತ್ತಿದ್ದವು. ಉಪ್ಪನ್ನು ಒಣ ಬ್ರಷ್‌ನಿಂದಲೇ ಗುಡಿಸಿ ತೆಗೆಯಬೇಕು, ನೀರು ಹಾಕಿದರೆ ಕರಗಿ ಮತ್ತೆ ಗೋಡೆಯೊಳಗೇ ಇಳಿಯುತ್ತದೆ. ಆಮೇಲೆ ಗೋಡೆಯನ್ನು ಹಾಗೇ ಬರಿಮೈಯಲ್ಲಿ ಆರಲು ಬಿಟ್ಟೆ. ಇಲ್ಲಿ ಅವಸರ ಮಾಡಬಾರದು.

ಹಾಳಾದ ಇಟ್ಟಿಗೆಗಳನ್ನು ಒಂದೊಂದಾಗಿ ಬಿಡಿಸಿ, ಆ ಜಾಗ ತುಂಬಿ ಗಟ್ಟಿಯಾದ ಮೇಲೇ ಪಕ್ಕದ್ದಕ್ಕೆ ಕೈ ಹಾಕಿದೆ. ಒಟ್ಟಿಗೆ ಸಾಲಾಗಿ ಬಿಡಿಸಿದರೆ ಮೇಲಿನ ಭಾರ ಕುಸಿಯಬಹುದು. ಹೊಸ ಇಟ್ಟಿಗೆಯನ್ನು ಬಕೆಟ್ ನೀರಿನಲ್ಲಿ ಗುಳ್ಳೆ ಬರುವುದು ನಿಲ್ಲುವವರೆಗೂ ಮುಳುಗಿಸಿಡಬೇಕು. ಒಣ ಇಟ್ಟಿಗೆ ಗಾರೆಯ ನೀರನ್ನೆಲ್ಲ ಹೀರಿಬಿಡುತ್ತದೆ.

ಸುಟ್ಟ ಸುಣ್ಣವನ್ನು ಅರಳಿಸುವುದು ಹುಷಾರಿನ ಕೆಲಸ. ನೀರಿಗೆ ಸುಣ್ಣ ಹಾಕಬೇಕು, ಸುಣ್ಣದ ಮೇಲೆ ನೀರು ಸುರಿಯಬಾರದು. ಕೊತಕೊತ ಕುದಿದು ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಬೇಕೇ ಬೇಕು, ಮಕ್ಕಳನ್ನು ಹತ್ತಿರ ಬಿಡಲೇಬಾರದು. ಬೆಣ್ಣೆಯಂತಾಗುವವರೆಗೂ ಅದನ್ನು ನೀರಿನಡಿ ಇಟ್ಟು, ಒಂದು ಬಾಂಡ್ಲಿ ಸುಣ್ಣಕ್ಕೆ ಮೂರು ಬಾಂಡ್ಲಿ ಮರಳು ಸೇರಿಸಿ ಚೆನ್ನಾಗಿ ಕಲೆಸಿದೆ. ಮರಳನ್ನು ಮೊದಲು ಗಾಜಿನ ಬಾಟಲಿಯಲ್ಲಿ ನೀರು, ಚಿಟಿಕೆ ಉಪ್ಪು ಹಾಕಿ ಕುಲುಕಿ, ಮೂರು ಗಂಟೆ ಬಿಟ್ಟು ನೋಡಿದ್ದೆ. ಮೇಲೆ ಕೂರುವ ಮಣ್ಣಿನ ಪದರ ಕೆಳಗಿನ ಮರಳಿನ ಶೇ 8ಕ್ಕಿಂತ ಹೆಚ್ಚಿದ್ದರೆ ಆ ಮರಳನ್ನು ತೊಳೆಯದೆ ಬಳಸಬಾರದು.

ಗೋಡೆಗೆ ನೀರು ಚಿಮುಕಿಸಿ ಗಾರೆಯನ್ನು ಕರಣೆಯಿಂದ ಬೀಸಿ ಹೊಡೆದೆ. ಮೆಲ್ಲಗೆ ಮೆತ್ತಿದರೆ ಹಿಂದೆ ಗಾಳಿ ಉಳಿಯುತ್ತದೆ. ಒಂದು ಪದರ 10–12 ಮಿಲಿಮೀಟರ್, ಅದು ಬಿಗಿದ ಮೇಲೆ ಇನ್ನೊಂದು. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ನಿಧಾನಕ್ಕೆ ಮತ್ತೆ ಕಲ್ಲಾಗುತ್ತದೆ; ಅಲ್ಲಿಯವರೆಗೆ ತೇವವೂ ಇರಬೇಕು, ಗಾಳಿಯೂ ಆಡಬೇಕು. ಬಿಸಿಲು ನೇರ ಬೀಳದಂತೆ ಒದ್ದೆ ಗೋಣಿಚೀಲ ಇಳಿಬಿಟ್ಟೆ. ಮೇಲೆ ಪ್ಲಾಸ್ಟಿಕ್ ಪೇಂಟ್ ಹೊಡೆದರೆ ಮಾಡಿದ್ದೆಲ್ಲ ವ್ಯರ್ಥ. ತೆಳ್ಳಗೆ ಮೂರು ಕೋಟ್ ಸುಣ್ಣವನ್ನೇ ಬಳಿದೆ.

ಸಿಮೆಂಟನ್ನು ನಾನು ದೂರುತ್ತಿಲ್ಲ. ಹಿಂದೆ ಹೊಸದಾಗಿ ಕಟ್ಟಿದ ಬಚ್ಚಲಿನಲ್ಲಿ ಕಾಂಕ್ರೀಟ್ ಮತ್ತು ಇಟ್ಟಿಗೆ ಸೇರುವ ಕಡೆ ಉದ್ದಕ್ಕೂ ಬಿರುಕಿತ್ತು. ಅಲ್ಲಿ ಕೋಳಿಬಲೆ (ಸಣ್ಣ ಕಣ್ಣಿನ ತಂತಿಬಲೆ) ಮೊಳೆ ಹೊಡೆದು ಕೂರಿಸಿ, ಒಂದಕ್ಕೆ ನಾಲ್ಕರ ಸಿಮೆಂಟ್ ಗಾರೆಯನ್ನೇ ಹಾಕಿದೆ.

ಉಳಿದಿರುವುದು ಕಿಟಕಿಯ ಮೂಲೆಯಿಂದ ಓರೆಯಾಗಿ ಏರಿದ ಒಂದು ಬಿರುಕು. ಅದರ ಮೇಲೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿ ತಾರೀಕು ಬರೆದಿಟ್ಟಿದ್ದೇನೆ. ಮಳೆಗಾಲ ಕಳೆಯುವಷ್ಟರಲ್ಲಿ ಗಾಜು ಒಡೆದರೆ ಗೋಡೆ ಇನ್ನೂ ಅಲುಗುತ್ತಿದೆ ಎಂದರ್ಥ, ಆಗ ಎಂಜಿನಿಯರ್‌ಗೆ ತೋರಿಸುತ್ತೇನೆ. ಒಡೆಯದಿದ್ದರೆ ಮುಂದಿನ ಕುಯ್ಲು ಮುಗಿದ ಮೇಲೆ ಅದನ್ನೂ ಸುಣ್ಣದ ಗಾರೆಯಲ್ಲೇ ತುಂಬುವುದು.