ಚಾರ್ಮಾಡಿ ಬುಡದಲ್ಲಿ ಒಡೆದ ಮೂರನೇ ಪಿಸ್ಟನ್

ನನ್ನದು 2004ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. 1.8 ಲೀಟರ್ ಟರ್ಬೊ ಎಂಜಿನ್, ಸಿಲಿಂಡರಿಗೆ ಐದರಂತೆ ಇಪ್ಪತ್ತು ವಾಲ್ವ್, ಹೊಸದರಲ್ಲಿ 150 ಕುದುರೆ ಶಕ್ತಿ. ಚಿಕ್ಕಮಗಳೂರಿನಲ್ಲಿ ರ‍್ಯಾಲಿ ನೋಡಿಕೊಂಡೇ ಬೆಳೆದ ನನಗೆ ಆ 150 ಸಾಕಾಗಲಿಲ್ಲ. ಒಬ್ಬ ಟ್ಯೂನರನ್ನು ಊರಿಗೇ ಕರೆಸಿದೆ. ಈ ಕಾರಿನಲ್ಲಿ ಟರ್ಬೊ ಒತ್ತಡವನ್ನು ಕಂಪ್ಯೂಟರೇ ಒಂದು ವಾಲ್ವಿನಿಂದ ಹಿಡಿತದಲ್ಲಿ ಇಡುತ್ತದೆ. ಅವರು ಅದನ್ನು ತಪ್ಪಿಸಿ ಕೈಯಲ್ಲಿ ತಿರುಗಿಸುವ ಕಂಟ್ರೋಲರ್ ಹಾಕಿದರು. ಕಡೂರು ರಸ್ತೆಯಲ್ಲಿ ನಾಲ್ಕು ಸಲ ಓಡಿಸಿ 0.9 ಬಾರ್‌ಗೆ ನಿಲ್ಲಿಸಿದರು. ಕಾರು ಹಾರುತ್ತಿತ್ತು.

ಎರಡು ತಿಂಗಳು ಏನೂ ಆಗಲಿಲ್ಲ. ಒಂದು ದಿನ ಮಂಗಳೂರಿಂದ ವಾಪಸ್ ಬರುತ್ತಿದ್ದೆ. ಮಧ್ಯಾಹ್ನದ ಸೆಕೆ. ಚಾರ್ಮಾಡಿ ಹಳ್ಳಿ ದಾಟಿ ಏರು ಶುರುವಾದಾಗ ಮೂರನೇ ಗೇರಿನಲ್ಲಿ ಪೂರ್ತಿ ಒತ್ತಿದೆ. ಡಬ್ಬಿಯೊಳಗೆ ಗೋಲಿ ಅಲ್ಲಾಡಿಸಿದ ಹಾಗೆ ಸದ್ದು, ಬರೀ ಎರಡು ಸೆಕೆಂಡು. ಆಮೇಲೆ ಎಂಜಿನ್ ಮುಗ್ಗರಿಸಿತು. ಕನ್ನಡಿಯಲ್ಲಿ ನೀಲಿ ಹೊಗೆ. ಎಣ್ಣೆ ಮಟ್ಟ ನೋಡುವ ಡಿಪ್‌ಸ್ಟಿಕ್ ಮೇಲೆದ್ದು ಬಂದು ಎಣ್ಣೆ ಎಲ್ಲಾ ಕಡೆ ಚೆಲ್ಲಿತ್ತು.

ನನ್ನನ್ನು ಜಾಸ್ತಿ ಕಾಡಿದ್ದು ಒಂದೇ ಪ್ರಶ್ನೆ. ಟರ್ಬೊ ಒತ್ತಡ ತೋರಿಸುವ ಬೂಸ್ಟ್ ಗೇಜ್ ಆಗಲೂ 0.9 ತೋರಿಸುತ್ತಿತ್ತು. ಮನೆ ಹತ್ತಿರ ಸರಿಯಿದ್ದದ್ದು ಇಲ್ಲಿ ಯಾಕೆ ಕೆಟ್ಟಿತು? ಉತ್ತರ ಹೊಳೆಯಲು ಒಂದು ವಾರ ಬೇಕಾಯಿತು. ಆ ಗೇಜ್ ತೋರಿಸುವುದು ಹೊರಗಿನ ಗಾಳಿಗಿಂತ ಎಷ್ಟು ಜಾಸ್ತಿ ಅಂತ ಮಾತ್ರ. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಹೆಚ್ಚುಕಮ್ಮಿ 1,090 ಮೀಟರ್ ಎತ್ತರದಲ್ಲಿದೆ. ಇಲ್ಲಿ ಹೊರಗಿನ ಗಾಳಿಯ ಒತ್ತಡವೇ ಸುಮಾರು 0.9 ಬಾರ್. ಘಾಟಿಯ ಬುಡದಲ್ಲಿ ಅದು 1 ಬಾರ್ ಹತ್ತಿರ. ಅಂದರೆ ಎಂಜಿನ್‌ಗೆ ಹೋಗುವ ಒಟ್ಟು ಒತ್ತಡ 1.8 ಇದ್ದದ್ದು 1.9 ಆಯಿತು. ನೂರಕ್ಕೆ ಐದಾರು ಪಾಲು ಜಾಸ್ತಿ ಗಾಳಿ, ಅಷ್ಟೇ ಜಾಸ್ತಿ ಪೆಟ್ರೋಲ್ ಬೇಕು. ಆದರೆ ಇಂಜೆಕ್ಟರ್‌ಗಳು ಊರಲ್ಲೇ ಪೂರ್ತಿ ತೆರೆದು ಸುರಿಸುತ್ತಿದ್ದವು, ಹಳೇ ಪಂಪ್ ಬೇರೆ ಸೋತಿತ್ತು. ಪೆಟ್ರೋಲ್ ಸಾಲದೆ ಸಿಲಿಂಡರಿನ ಬಿಸಿ ಏರಿತು. ಕಿಡಿಯಿಂದ ಹತ್ತಿದ ಬೆಂಕಿ ಮೂಲೆ ಮುಟ್ಟುವ ಮೊದಲೇ ಉಳಿದ ಮಿಶ್ರಣ ತಾನಾಗಿ ಸಿಡಿಯಿತು. ನಾಕಿಂಗ್ ಅನ್ನುವುದು ಇದನ್ನೇ. ನಾನು ಕೇಳಿದ ಗೋಲಿ ಸದ್ದು ಅದೇ.

ಮನೆಗೆ ಎಳೆದು ತಂದ ಮೇಲೆ ಮೊದಲು ಕಂಪ್ರೆಷನ್, ಅಂದರೆ ಸಿಲಿಂಡರ್ ಹಿಡಿದಿಡುವ ಒತ್ತಡ ನೋಡಿದೆ. ಒಂದು, ಎರಡು, ನಾಲ್ಕನೇ ಸಿಲಿಂಡರಿನಲ್ಲಿ 10 ಬಾರ್ ಆಸುಪಾಸು, ಮೂರನೆಯದರಲ್ಲಿ ನಾಲ್ಕೂ ಇಲ್ಲ. ಆ ಸ್ಪಾರ್ಕ್ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಸಾಸಿವೆಗಿಂತ ಸಣ್ಣ ಬೆಳ್ಳಿ ಚುಕ್ಕಿಗಳಿದ್ದವು. ಅದು ಪಿಸ್ಟನ್ನಿನ ಅಲ್ಯೂಮಿನಿಯಂ. ಕಾಫಿ ಪಲ್ಪರ್ ಶೆಡ್ಡಿನ ತೊಲೆಗೆ ಚೈನ್ ಪುಲ್ಲಿ ಕಟ್ಟಿ ಎಂಜಿನ್ ಇಳಿಸಿದೆ. ಪಿಸ್ಟನ್ ಹೊರಗೆ ಬಂದಾಗ ಅದರ ಸುತ್ತ ಕೂರುವ ಮೊದಲ ಮತ್ತು ಎರಡನೇ ರಿಂಗಿನ ನಡುವಿನ ಗೋಡೆ ಒಡೆದು, ಉಗುರಿನಷ್ಟು ಚೂರು ಕೈಗೇ ಬಂತು. ಬೋರಿನಲ್ಲಿ, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆಯಲ್ಲಿ, ಬೆರಳುಗುರಿಗೆ ಸಿಗುವಷ್ಟು ಆಳದ ಗೀರು.

ಹಾಗಾಗಿ ರೀಬೋರ್ ಬಿಟ್ಟು ದಾರಿಯಿರಲಿಲ್ಲ. ಬ್ಲಾಕನ್ನು ಪಿಕಪ್‌ನಲ್ಲಿ ಹಾಸನಕ್ಕೆ ಒಯ್ದೆ. 81 ಮಿ.ಮೀ. ಬೋರನ್ನು ಅರ್ಧ ಮಿ.ಮೀ. ದೊಡ್ಡದು ಮಾಡಿಸಿದೆ. ಪಿಸ್ಟನ್ ಮೊದಲು ಕೈಗೆ ಬರಲಿ, ಅದನ್ನು ಅಳೆದ ಮೇಲೇ ಬೋರ್ ಮಾಡಿಸಿ. ಡಬ್ಬಿ ಮೇಲಿನ ಅಂಕಿ ನಂಬಿ ಮಾಡಿಸಬೇಡಿ.

ವಾಪಸ್ ಬಂದಾಗ ಜೂನ್ ಮಳೆ ಹಿಡಿದಿತ್ತು. ಹೋನಿಂಗ್ ಮಾಡಿದ, ಅಂದರೆ ಕಲ್ಲಿನಿಂದ ಉಜ್ಜಿ ಸಣ್ಣ ಗೆರೆ ಮೂಡಿಸಿದ ಬೋರನ್ನು ಬರೀ ಪೆಟ್ರೋಲ್‌ನಲ್ಲಿ ಒರೆಸಿದರೆ ಸಾಲದು, ಕಲ್ಲಿನ ಪುಡಿ ಗೆರೆಗಳೊಳಗೇ ಕೂತಿರುತ್ತದೆ. ಬಿಸಿನೀರು, ಸೋಪು, ಬ್ರಷ್ಷು ಹಾಕಿ ತೊಳೆದೆ. ಹಳೇ ಬಿಳಿ ಪಂಚೆಯ ತುಂಡಿಗೆ ಎಣ್ಣೆ ಹಚ್ಚಿ ಒರೆಸಿದೆ. ಬಟ್ಟೆ ಬೂದು ಬಂತು. ಮತ್ತೆ ತೊಳೆದೆ, ಮತ್ತೆ ಬೂದು. ಐದನೇ ಸಲ ಬೆಳ್ಳಗೆ ಉಳಿಯಿತು. ತಕ್ಷಣ ಎಣ್ಣೆ ಬಳಿದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಬರಿ ಕಬ್ಬಿಣ ಹತ್ತು ನಿಮಿಷ ಬಿಟ್ಟರೂ ತುಕ್ಕಿನ ಬಣ್ಣ ತಿರುಗುತ್ತದೆ.

ಇಡೀ ಕೆಲಸದಲ್ಲಿ ನಾನು ಜಾಸ್ತಿ ಹೊತ್ತು ಕೂತಿದ್ದು ರಿಂಗ್ ಗ್ಯಾಪ್‌ಗೆ. ರಿಂಗನ್ನು ಬೋರಿನೊಳಗಿಟ್ಟು, ಪಿಸ್ಟನ್ನಿಂದ ತಳ್ಳಿ ನೇರ ಮಾಡಿ, ಎರಡು ತುದಿಗಳ ನಡುವೆ ಫೀಲರ್ ಗೇಜ್ ಅನ್ನುವ ತೆಳು ಅಳತೆಪಟ್ಟಿ ಹಾಕಬೇಕು. ಈ ಎಂಜಿನ್ನಿಗೆ ಪುಸ್ತಕದ ಲೆಕ್ಕ 0.20ರಿಂದ 0.40 ಮಿ.ಮೀ. ನನ್ನ ಹೊಸ ರಿಂಗುಗಳಲ್ಲಿ 0.25 ಇತ್ತು. ಪುಸ್ತಕದ ಪ್ರಕಾರ ಸರಿ, ಬೂಸ್ಟ್ ಏರಿಸುವವರಿಗೆ ಸಾಲದು. ಬಿಸಿಗೆ ರಿಂಗ್ ಹಿಗ್ಗಿ ತುದಿಗಳು ಒಂದಕ್ಕೊಂದು ತಾಗಿದರೆ, ಒಡೆಯುವುದು ಮತ್ತದೇ ಗೋಡೆ. ಮೇಲಿನ ರಿಂಗನ್ನು 0.40ಕ್ಕೆ ತಂದೆ. ಅರವನ್ನು ಹೊರಗಿನಿಂದ ಒಳಕ್ಕೆ, ಒಂದೇ ದಿಕ್ಕಿನಲ್ಲಿ ಎಳೆಯಬೇಕು. ನಾಲ್ಕು ಎಳೆತ, ಅಳತೆ, ಮತ್ತೆ ಎರಡು ಎಳೆತ. ನಾಲ್ಕು ರಿಂಗಿಗೆ ಒಂದು ಸಂಜೆ ಹೋಯಿತು.

ಉಳಿದದ್ದು ತಾಳ್ಮೆಯ ಕೆಲಸ. ಕನೆಕ್ಟಿಂಗ್ ರಾಡ್ ಬೋಲ್ಟ್, ಹೆಡ್ ಬೋಲ್ಟ್ ಎಲ್ಲ ಹೊಸದು, ಒಮ್ಮೆ ಎಳೆದು ಕೂತವು ಎರಡನೇ ಸಲಕ್ಕೆ ಬರುವುದಿಲ್ಲ. ಪಿಸ್ಟನ್ ಅಡಿಗೆ ಎಣ್ಣೆ ಚಿಮ್ಮಿಸುವ ಜೆಟ್‌ಗಳನ್ನು ಬಿಚ್ಚಿ ಊದಿದೆ. ಆಯಿಲ್ ಕೂಲರ್ ತೊಳೆಯಲು ಹೋಗದೆ ಬದಲಿಸಿದೆ, ಚೂರುಗಳು ಅದರೊಳಗೇ ಅಡಗಿರುತ್ತವೆ ಅಲ್ವಾ. ನಾಕ್ ಸೆನ್ಸರ್ ಬೋಲ್ಟ್ ಮಾತ್ರ ಅಂದಾಜಿನ ಮೇಲೆ ಬಿಗಿಯಬೇಡಿ, ಸರಿಯಾಗಿ 20 ನ್ಯೂಟನ್ ಮೀಟರ್. ಹೆಚ್ಚುಕಮ್ಮಿಯಾದರೆ ಅದು ಕೇಳಿಸಿಕೊಳ್ಳುವುದೇ ತಪ್ಪು.

ಕೈ ಕಂಟ್ರೋಲರ್ ಕಿತ್ತು ಹಾಕಿ ಒತ್ತಡವನ್ನು ಕಂಪ್ಯೂಟರಿಗೇ ವಾಪಸ್ ಕೊಟ್ಟೆ. ಅದು ಅಳೆಯುವುದು ಒಟ್ಟು ಒತ್ತಡವನ್ನು, ಊರು ಯಾವುದಾದರೂ ಲೆಕ್ಕ ಒಂದೇ. ಹೊಸ ಪೆಟ್ರೋಲ್ ಪಂಪ್, ದೊಡ್ಡ ಇಂಜೆಕ್ಟರ್, ಜೊತೆಗೆ ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ ಅಂತ ತೋರಿಸುವ ವೈಡ್‌ಬ್ಯಾಂಡ್ ಮೀಟರ್. ಈ ಮೀಟರ್ ಮೊದಲೇ ಇದ್ದಿದ್ದರೆ ಆ ದಿನ ಕಾಲು ತೆಗೆಯುತ್ತಿದ್ದೆ. ಹೊಸ ಮ್ಯಾಪನ್ನು, ಅಂದರೆ ಕಂಪ್ಯೂಟರಿನ ಪೆಟ್ರೋಲ್ ಮತ್ತು ಕಿಡಿಯ ಲೆಕ್ಕವನ್ನು, ಆಗ ನಮ್ಮಲ್ಲಿ ಎಲ್ಲ ಕಡೆ ಸಿಗುತ್ತಿದ್ದ 91 ಆಕ್ಟೇನ್ ಪೆಟ್ರೋಲ್‌ಗೇ ಮಾಡಿಸಿದೆ.

500 ಕಿ.ಮೀ. ಆದ ಮೇಲೆ ಎಣ್ಣೆ ಬದಲಿಸಿ, ಫಿಲ್ಟರ್ ಕೊಯ್ದು ನೋಡಿದೆ. ಲೋಹದ ಚೂರಿರಲಿಲ್ಲ. 1,500 ಆದ ಮೇಲೆ ಲ್ಯಾಪ್‌ಟಾಪ್ ಹಿಡಿದ ಗೆಳೆಯನನ್ನು ಪಕ್ಕ ಕೂರಿಸಿಕೊಂಡು ಉಜಿರೆಗೆ ಇಳಿದು, ಬೆಳಗ್ಗೆ ಖಾಲಿ ರಸ್ತೆಯಲ್ಲಿ ಅದೇ ಏರು ಹತ್ತಿದೆ. ಅದೇ ಮೂರನೇ ಗೇರು. ಮೀಟರ್ 11.7ರಲ್ಲಿ ಅಲ್ಲಾಡದೆ ನಿಂತಿತ್ತು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಮುಗಿಸುವಷ್ಟರಲ್ಲಿ ಎಂಜಿನ್ ಸ್ವಲ್ಪ ತಣಿದಿತ್ತು. ಮೂರನೇ ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದೆ. ಪಿಂಗಾಣಿ ತೆಳು ಕಂದು ಬಣ್ಣ, ಒಂದು ಚುಕ್ಕಿಯೂ ಇರಲಿಲ್ಲ.