ಲಿಂಟಲ್‌ಗೆ ನಿಂತ ಮನೆಗೆ ಮೋಲ್ಡ್ ಹಾಕಿಸುವುದು ಹೇಗೆ?

ತುಮಕೂರಿನಿಂದ ಮಧುಗಿರಿಗೋ ಪಾವಗಡಕ್ಕೋ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ಒಮ್ಮೆ ಎಣಿಸಿ ನೋಡಿ. ಗೋಡೆ ಲಿಂಟಲ್‌ವರೆಗೆ, ಅಂದರೆ ಬಾಗಿಲು ಕಿಟಕಿಯ ತಲೆಮಟ್ಟಕ್ಕೆ ಎದ್ದು, ಅಲ್ಲೇ ನಿಂತುಬಿಟ್ಟ ಮನೆಗಳು ಕಣ್ಣಿಗೆ ಬೀಳುತ್ತವೆ. ಮೇಲೆ ಚಾಚಿಕೊಂಡ ಕಂಬಿಗೆ ತುಕ್ಕು. ನಡುಮನೆಯಲ್ಲಿ ಎಕ್ಕದ ಗಿಡ. ಪಕ್ಕದಲ್ಲೇ ತಗಡಿನ ಶೀಟು ಹೊದಿಸಿದ ಗುಡಿಸಲು, ಮನೆಯವರು ಇರುವುದು ಅದರಲ್ಲಿ.

ಬಡವರಿಗೆ ಮನೆ ಕಟ್ಟಿಕೊಡುವ ಟ್ರಸ್ಟುಗಳ ಜೊತೆ ಕೆಲವು ವರ್ಷಗಳಿಂದ ನನ್ನ ಭಾನುವಾರಗಳನ್ನು ಕಳೆಯುತ್ತಿದ್ದೇನೆ. ಗುದ್ದಲಿ ಪೂಜೆಗೆ ಜನ ಬರುತ್ತಾರೆ. ಗೃಹಪ್ರವೇಶಕ್ಕೆ ಇನ್ನೂ ಜಾಸ್ತಿ ಜನ. ನಡುವಿನ ದಿನಗಳಲ್ಲಿ, ಗೋಡೆಗೆ ನೀರು ಹಾಕುವಾಗ, ಒಬ್ಬರೂ ಇರುವುದಿಲ್ಲ. ನಿಮಗೂ ಕೈ ಜೋಡಿಸುವ ಮನಸ್ಸಿದ್ದರೆ ಆ ನಡುವಿನ ದಿನಗಳಿಗೆ ಬನ್ನಿ ಅನ್ನುವುದು ನನ್ನ ಬೇಡಿಕೆ.

ಮೊದಲು ತಿಳಿಯಬೇಕಾದ್ದು: ಮನೆ ನಿಲ್ಲುವುದು ಯಾಕೆ?

ಸರ್ಕಾರ ದುಡ್ಡು ಕೊಡುತ್ತಲ್ಲ, ನಾವ್ಯಾಕೆ ಕೊಡಬೇಕು ಅಂತ ಚಂದಾ ಕೇಳಲು ಹೋದ ಕಡೆಯೆಲ್ಲ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಉತ್ತರ ನಿಮ್ಮ ಬಾಯಲ್ಲಿ ರೆಡಿ ಇರಬೇಕು.

2016ರಲ್ಲಿ ಶುರುವಾದ ಗ್ರಾಮೀಣ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಬಯಲು ನಾಡಿನ ಒಂದು ಮನೆಗೆ ಗೊತ್ತುಮಾಡಿದ ಸಹಾಯಧನ 1.20 ಲಕ್ಷ ರೂಪಾಯಿ. ಮನೆ ಅಡುಗೆ ಜಾಗ ಸೇರಿ ಕನಿಷ್ಠ 25 ಚದರ ಮೀಟರ್ ಇರಬೇಕು. ನಮ್ಮ ರಾಜ್ಯದಲ್ಲಿ ಬಸವ ವಸತಿ, ಅಂಬೇಡ್ಕರ್ ನಿವಾಸ ಯೋಜನೆಗಳೂ ಇವೆ. ಇವನ್ನು ನೋಡಿಕೊಳ್ಳುವುದು ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ. ಈ ಹಣ ಇಡಿಗಂಟಾಗಿ ಬರುವುದಿಲ್ಲ. ಪಾಯ, ಲಿಂಟಲ್, ಮೋಲ್ಡ್ (ಕಾಂಕ್ರೀಟ್ ಸೂರು), ಮುಕ್ತಾಯ ಎಂದು ಹಂತಗಳಿವೆ. ಒಂದು ಹಂತ ಮುಗಿದ ಮೇಲೆ ಪಂಚಾಯಿತಿಯವರು ಬಂದು ಜಿಪಿಎಸ್ ಫೋಟೊ ತೆಗೆಯುತ್ತಾರೆ, ಆಮೇಲೆ ಬಿಲ್ ಆಗುತ್ತದೆ.

ಅಂದರೆ ಮೊದಲು ಕೈಯಿಂದ ಹಾಕಬೇಕು, ಆಮೇಲೆ ದುಡ್ಡು ಬರುತ್ತದೆ. ಮೇಸ್ತ್ರಿಗೆ ಶನಿವಾರ ಬಟವಾಡೆ ಆಗಲೇಬೇಕು, ಬಿಲ್ಲಿಗೆ ವಾರದ ಹಂಗಿಲ್ಲ. ಕೂಲಿ ಮಾಡುವ ಮನೆಯಲ್ಲಿ ಅಷ್ಟು ಕೈದುಡ್ಡು ಎಲ್ಲಿಂದ ಬರಬೇಕು? ಪಾಯಕ್ಕೆ ಒಡವೆ ಅಡವಿಟ್ಟಿರುತ್ತಾರೆ, ಗೋಡೆಗೆ ಸಂಘದಲ್ಲಿ ಸಾಲ ಎತ್ತಿರುತ್ತಾರೆ. ಮೋಲ್ಡ್‌ಗೆ ಹಾಗಲ್ಲ, ಕಂಬಿ, ಸಿಮೆಂಟು, ಜಲ್ಲಿ, ಸೆಂಟ್ರಿಂಗ್ ಬಾಡಿಗೆ ಎಲ್ಲ ಒಂದೇ ದಿನ ಬೇಕು. ಮನೆ ನಿಲ್ಲುವುದು ಅಲ್ಲಿ. ಒಳ್ಳೆಯ ಟ್ರಸ್ಟುಗಳು ದುಡ್ಡು ಹಾಕುವುದೂ ಅಲ್ಲೇ. ಕೆಲವು ಪೂರ್ತಿ ಸಹಾಯ ಮಾಡುತ್ತವೆ. ಕೆಲವು ಬಿಲ್ ಆಗುವವರೆಗೆ ಸಾಮಾನು ಕೊಟ್ಟು, ಬಿಲ್ ಬಂದ ಮೇಲೆ ವಾಪಸ್ ಪಡೆದು ಮುಂದಿನ ಮನೆಗೆ ಹಾಕುತ್ತವೆ. ನನಗೆ ಎರಡನೆಯದು ಜಾಸ್ತಿ ಇಷ್ಟ. ಅದೇ ದುಡ್ಡು ಮತ್ತೆ ಮತ್ತೆ ಓಡಾಡುತ್ತದೆ.

ಸಂಸ್ಥೆಯನ್ನು ಆರಿಸುವುದು

ಟ್ರಸ್ಟಿನ ನೋಂದಣಿ ಪತ್ರ, ಆದಾಯ ತೆರಿಗೆಯ ನೋಂದಣಿ, ಹೋದ ವರ್ಷದ ಆಡಿಟ್ ಆದ ಲೆಕ್ಕ. ಈ ಮೂರನ್ನು ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಕಾಗದಕ್ಕಿಂತ ದೊಡ್ಡ ಪರೀಕ್ಷೆ ಒಂದಿದೆ. ಅವರು ಎರಡು ವರ್ಷದ ಹಿಂದೆ ಕಟ್ಟಿದ ಮನೆ ತೋರಿಸಲು ಹೇಳಿ. ಹೊಸ ಮನೆ ಬೇಡ, ಬಣ್ಣ ಹೊಡೆದ ಮನೆ ಎಲ್ಲಾ ಚೆನ್ನಾಗೇ ಕಾಣುತ್ತದೆ. ಎರಡು ಮಳೆಗಾಲ ಕಂಡ ಮನೆಗೆ ಹೋಗಿ, ಸೂರಿನ ಮೂಲೆ ನೋಡಿ, ಮನೆಯಾಕೆಯನ್ನು ಮಾತಾಡಿಸಿ. ಸೋರುತ್ತಾ, ಸಾಲ ಎಷ್ಟು ಉಳಿದಿದೆ, ಇವರು ಆಮೇಲೆ ಯಾವತ್ತಾದರೂ ಬಂದಿದ್ದರಾ? ಕಾಲು ಗಂಟೆ ಸಾಕು.

ದೊಡ್ಡ ಸಂಸ್ಥೆಗಳೂ ಇವೆ. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ 1976ರಲ್ಲಿ ಹುಟ್ಟಿದ ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿ 1983ರಿಂದ ಭಾರತದಲ್ಲಿದೆ. ಮನೆ ಪಡೆಯುವವರೂ ತಮ್ಮ ಬೆವರು ಸುರಿಸಬೇಕು ಅನ್ನುವುದು ಅವರ ಪದ್ಧತಿ. ನಮ್ಮ ಕಡೆಯವರಿಗೆ ಇದು ಹೊಸದೇನಲ್ಲ. ಮುಯ್ಯಾಳು ಅಂದರೆ ಗೊತ್ತಲ್ವಾ? ಇವತ್ತು ನಿಮ್ಮ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀವು. ಮುಂಚೆ ಮನೆ ಕಟ್ಟುವಾಗಲೂ ಹೀಗೇ ನಡೆಯುತ್ತಿತ್ತು.

ನಿವೇಶನದ ಕಾಗದ ನೋಡದೆ ಒಂದು ರೂಪಾಯಿಯನ್ನೂ ಎತ್ತಬೇಡಿ

ಇದನ್ನು ನಾನು ಕಲಿತದ್ದು ಏಟು ತಿಂದು. ಒಂದು ಹಳ್ಳಿಯಲ್ಲಿ ವಿಧವೆಯೊಬ್ಬರ ಮನೆಗೆಂದು ಉತ್ಸಾಹದಲ್ಲಿ ಹಣ ಕೂಡಿಸಿದೆವು. ಪಾಯ ತೆಗೆದೆವು, ಕಲ್ಲು ಕಟ್ಟಿದೆವು. ಒಂದು ಬೆಳಿಗ್ಗೆ ದಾಯಾದಿಗಳು ಬಂದು ನಿಂತರು. ಜಾಗ ಇನ್ನೂ ಸತ್ತುಹೋದ ಅಜ್ಜನ ಹೆಸರಿನಲ್ಲೇ ಇತ್ತು. ಭಾಗ ಆಗಿರಲಿಲ್ಲ. ಕೆಲಸ ನಿಂತಿತು, ದುಡ್ಡು ಮಣ್ಣಲ್ಲಿ ಕೂತಿತು. ಕೊಟ್ಟವರ ಎದುರು ಮುಖ ಎತ್ತಲು ನಮಗೆ ನಾಚಿಕೆ. ತಪ್ಪು ಆ ತಾಯಿಯದಲ್ಲ, ಕೇಳದೇ ಹೋದ ನಮ್ಮದು.

ಈಗ ಮೊದಲ ಭೇಟಿಯಲ್ಲೇ ಕೇಳುತ್ತೇವೆ. ಸರ್ಕಾರಿ ನಿವೇಶನವಾದರೆ ಹಕ್ಕುಪತ್ರ. ಊರೊಳಗಿನ ಸ್ವಂತ ಜಾಗವಾದರೆ ಪಂಚಾಯಿತಿಯ ಇ-ಸ್ವತ್ತಿನ ನಮೂನೆ 9 ಮತ್ತು 11. ಕಾಗದದ ಹೆಸರು ಮತ್ತು ಮನೆ ಮಂಜೂರಾದ ಹೆಸರು ತಾಳೆಯಾಗಬೇಕು. ಸರ್ಕಾರಿ ಜಾಗದಲ್ಲಿ ಹಿಂದಿನಿಂದ ವಾಸ ಮಾಡುತ್ತಿದ್ದವರಾದರೆ ಮನೆ ಸಕ್ರಮ ಮಾಡಿಕೊಡಿ ಎನ್ನುವ 94ಸಿ ಅರ್ಜಿ ಹಾಕಿದ್ದಾರಾ, ಏನಾಯಿತು ಎಂದು ವಿಚಾರಿಸಿ. ಬೆವರು ಹರಿಸಲು ಆಗದವರಿಗೆ, ಮಂಡಿ ನೋವಿನವರಿಗೆ, ನಿವೃತ್ತ ಗುಮಾಸ್ತರಿಗೆ ಇದು ಒಳ್ಳೆಯ ಕೆಲಸ. ಪಂಚಾಯಿತಿ, ನಾಡಕಚೇರಿ, ತಾಲ್ಲೂಕು ಕಚೇರಿ ಸುತ್ತುವ ತಾಳ್ಮೆ ಇರುವ ಒಬ್ಬರು ಇಪ್ಪತ್ತು ಹುಡುಗರಿಗೆ ಸಮ.

ದುಡ್ಡು ಎತ್ತುವುದು

"ಮನೆಗೆ ಸಹಾಯ ಮಾಡಿ" ಅಂತ ಕೇಳಬೇಡಿ. ಮನೆ ಅಂದರೆ ಜನಕ್ಕೆ ಲಕ್ಷಗಳು ನೆನಪಾಗುತ್ತವೆ, ನೂರು ರೂಪಾಯಿ ಕೊಡಲು ಸಂಕೋಚವಾಗುತ್ತದೆ. ಒಂದು ಮೂಟೆ ಸಿಮೆಂಟ್ ಕೇಳಿ. ಮೇಸ್ತ್ರಿಯ ಒಂದು ದಿನದ ಕೂಲಿ ಕೇಳಿ. ಒಂದು ಕಿಟಕಿ ಕೇಳಿ. ಒಂದು ಟ್ಯಾಂಕರ್ ನೀರು ಕೇಳಿ. ಅಂಗಡಿಯ ಕೊಟೇಶನ್ ತೋರಿಸಿ, ಇವತ್ತಿನ ರೇಟು ಇಷ್ಟು ಅನ್ನಿ. ಹಾಗೆ ಕೇಳಿದರೆ ಬಿ.ಎಚ್. ರಸ್ತೆಯ ಅಂಗಡಿಯವರು ಲೆಕ್ಕ ಹಾಕಿಯೇ ಕೊಡುತ್ತಾರೆ. ಅವರಿಗೆ ಅರ್ಥವಾಗುವ ಭಾಷೆ ಅದು.

ಹಣ ಕೂಡಿಸಲು ದೊಡ್ಡ ಕಾರ್ಯಕ್ರಮ ಮಾಡೋಣ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಶಾಮಿಯಾನ, ಮೈಕು, ಹಾರ, ಶಾಲು. ಕೊನೆಗೆ ಲೆಕ್ಕ ಹಾಕಿದರೆ ಶಾಮಿಯಾನದವರಿಗೇ ಜಾಸ್ತಿ ಹೋಗಿರುತ್ತದೆ. ನಮ್ಮ ಗುಂಪಿಗೆ ಕೈಹಿಡಿದಿದ್ದು ಭಾನುವಾರ ಬೆಳಗಿನ ತಟ್ಟೆ ಇಡ್ಲಿ. ಕ್ಯಾತ್ಸಂದ್ರದ ತಟ್ಟೆ ಇಡ್ಲಿಗೆ ಬೆಂಗಳೂರಿನವರೇ ಹೆದ್ದಾರಿಯಲ್ಲಿ ಗಾಡಿ ನಿಲ್ಲಿಸುತ್ತಾರೆ. ನಮ್ಮದು ಅದರ ಮುಂದೆ ಏನೂ ಅಲ್ಲ, ಆದರೂ ಬಡಾವಣೆಯ ಪಾರ್ಕಿನ ಹತ್ತಿರ ವಾಕಿಂಗ್ ಮುಗಿಸಿದವರು ತಿನ್ನುತ್ತಾರೆ. ಪಕ್ಕದಲ್ಲಿ ಒಂದು ಬೋರ್ಡ್ ಇಡುತ್ತೇವೆ: ಎಷ್ಟು ಮೂಟೆ ಬೇಕು, ಎಷ್ಟು ಆಗಿದೆ. ಪ್ರತಿ ವಾರ ಸೀಮೆಸುಣ್ಣದಲ್ಲಿ ಒಂದೊಂದೇ ಗೆರೆ. ಬೋರ್ಡ್ ನೋಡಿ ಚಿಲ್ಲರೆ ವಾಪಸ್ ತಗೊಳ್ಳದೆ ಹೋದವರು ಎಷ್ಟೋ ಜನ.

ಲೆಕ್ಕಕ್ಕೆ ಮದುವೆ ಮನೆಯ ಮುಯ್ಯಿ ಪುಸ್ತಕವೇ ಮಾದರಿ. ಹನ್ನೊಂದು ರೂಪಾಯಿ ಕೊಟ್ಟವರ ಹೆಸರೂ ಅದರಲ್ಲಿ ಇರುತ್ತದೆ. ಇಲ್ಲೂ ಹಾಗೆಯೇ ಬರೆಯಿರಿ, ತಿಂಗಳಿಗೊಮ್ಮೆ ವಾಟ್ಸಾಪ್ ಗುಂಪಿಗೆ ಫೋಟೊ ಹಾಕಿ. ಹೆಸರು ಬೇಡ ಅಂದವರದು 'ಹಿತೈಷಿ' ಆಗಲಿ.

ಇನ್ನು ಕೆಲವು ಕಾನೂನಿನ ಮಾತು. ಕ್ಯೂಆರ್ ಕೋಡ್ ಸಂಸ್ಥೆಯ ಖಾತೆಯದ್ದೇ ಆಗಿರಬೇಕು, ನಿಮ್ಮದಾಗಲಿ ಕಾರ್ಯದರ್ಶಿಯದಾಗಲಿ ಬೇಡವೇ ಬೇಡ. ಎಷ್ಟೇ ನಂಬಿಕಸ್ಥರಾದರೂ ಸರಿ. 80ಜಿ ಎಂದು ಎಲ್ಲರ ಬಾಯಲ್ಲಿರುವ ತೆರಿಗೆ ವಿನಾಯಿತಿ ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ. ಇಂಥ ಟ್ರಸ್ಟಿಗೆ 10,000 ಕೊಟ್ಟರೆ ತೆರಿಗೆಯಲ್ಲಿ 10,000 ಉಳಿಯುವುದಿಲ್ಲ. ತೆರಿಗೆ ಬೀಳುವ ಆದಾಯದಲ್ಲಿ 5,000 ಕಡಿಮೆಯಾಗುತ್ತದೆ, ಅದಕ್ಕೂ ಒಂದು ಮಿತಿ ಇದೆ. ನಗದಾಗಿ 2,000 ರೂಪಾಯಿಗಿಂತ ಜಾಸ್ತಿ ಕೊಟ್ಟರೆ ಅದೂ ಸಿಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡಿ, ಮಾರ್ಚ್ ತಿಂಗಳಲ್ಲಿ ಜಗಳ ತಪ್ಪುತ್ತದೆ.

ವಿದೇಶದಲ್ಲಿರುವ ಊರಿನ ಮಕ್ಕಳು ಹಣ ಕಳಿಸುತ್ತೇನೆ ಅಂದರೆ ಒಂದು ಪ್ರಶ್ನೆ ಕೇಳಿ: ಪಾಸ್‌ಪೋರ್ಟ್ ಯಾವುದು? ಭಾರತದ್ದೇ ಆದರೆ ತಮ್ಮ ಉಳಿತಾಯದ ಹಣವನ್ನು ಬ್ಯಾಂಕಿನ ಮೂಲಕ ಕಳಿಸಬಹುದು. ಅಲ್ಲಿನ ಪೌರರಾಗಿಬಿಟ್ಟಿದ್ದರೆ ಅದು ವಿದೇಶಿ ದೇಣಿಗೆ. ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಇರುವ ಸಂಸ್ಥೆ ಮಾತ್ರ, ಅದೂ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಯಲ್ಲಿ ಅದನ್ನು ಪಡೆಯಬೇಕು. ನಮ್ಮೂರ ಸಣ್ಣ ಟ್ರಸ್ಟಿಗೆ ಆ ನೋಂದಣಿ ಇಲ್ಲದಿದ್ದರೆ ಬೇಡ ಅನ್ನಿ. ಲಕ್ಕಿ ಡಿಪ್ ಟಿಕೆಟ್ ಮಾರುವ ಐಡಿಯಾ ಬಂದರೆ ಅದನ್ನೂ ಬಿಟ್ಟುಬಿಡಿ. ಕರ್ನಾಟಕದಲ್ಲಿ ಲಾಟರಿ 2007ರಲ್ಲೇ ಬಂದ್ ಆಗಿದೆ.

ವಸಂತನರಸಾಪುರದ ಕೈಗಾರಿಕೆಗಳ ಬಾಗಿಲು ತಟ್ಟಬಹುದು. ಲಾಭದಲ್ಲಿ ಒಂದು ಪಾಲನ್ನು ಸಮಾಜದ ಕೆಲಸಕ್ಕೆ ಕೊಡಬೇಕು ಅನ್ನುವ ಸಿಎಸ್‌ಆರ್ ಕಾನೂನು ಎಲ್ಲ ಕಂಪನಿಗೂ ಅನ್ವಯಿಸುವುದಿಲ್ಲ, ದೊಡ್ಡವಕ್ಕೆ ಮಾತ್ರ. ಆ ಹಣ ಪಡೆಯಲು ನಿಮ್ಮ ಸಂಸ್ಥೆ ಸಿಎಸ್‌ಆರ್-1 ನೋಂದಣಿ ಮಾಡಿಸಿರಬೇಕು. ಸಣ್ಣ ವರ್ಕ್‌ಶಾಪಿನವರ ಹತ್ತಿರ ಸಿಎಸ್‌ಆರ್ ಮಾತೆತ್ತಬೇಡಿ. ಒಂದು ಬಾಗಿಲು, ಒಂದು ಗ್ರಿಲ್ ಮಾಡಿಕೊಡಿ ಅನ್ನಿ. ಅವರ ಕೈಯಲ್ಲಿರುವುದು ಅದು.

ಉಳಿಸಿದ್ದೂ ಎತ್ತಿದ ಹಾಗೆ

ಖರ್ಚು ಉಳಿಸುವ ವಿದ್ಯೆ ನಮ್ಮ ಜಿಲ್ಲೆಗೆ ಯಾವತ್ತೋ ಬಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಅನ್ನುವ ವಿಭಾಗ ಶುರುವಾಯಿತು. ಹಳ್ಳಿಗೆ ಬೇಕಾದ ತಂತ್ರಜ್ಞಾನ ಹುಡುಕುವುದು ಅದರ ಕೆಲಸ. ಅದರ ವಿಸ್ತರಣಾ ಕೇಂದ್ರ ಇದ್ದದ್ದು ನಮ್ಮ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ. ಅಸ್ತ್ರದವರು ವರ್ಷಗಟ್ಟಲೆ ಕೆಲಸ ಮಾಡಿದ ವಸ್ತುಗಳಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆ ಒಂದು. ಮಣ್ಣಿಗೆ ನೂರಕ್ಕೆ 5ರಿಂದ 8 ಪಾಲು ಸಿಮೆಂಟ್ ಸೇರಿಸಿ, ಕೈ ಯಂತ್ರದಲ್ಲಿ ಒತ್ತಿ, ನೆರಳಿನಲ್ಲಿಟ್ಟು ಮೂರು ವಾರ ನೀರು ಚಿಮುಕಿಸಿದರೆ ಆಯಿತು. ಸುಡಬೇಕಾಗಿಲ್ಲ, ಸೌದೆ ಬೇಡ.

ಸ್ವಯಂಸೇವಕರಿಗೆ ಇದಕ್ಕಿಂತ ಹೊಂದುವ ಕೆಲಸ ಇನ್ನೊಂದಿಲ್ಲ. ಜರಡಿ ಹಿಡಿಯುವವರು, ಕಲಸುವವರು, ಹಿಡಿ ಎಳೆಯುವವರು, ಜೋಡಿಸುವವರು ಎಂದು ಎಲ್ಲರಿಗೂ ಪಾಲಿದೆ. ಒಂದು ಎಚ್ಚರಿಕೆ: ಎರೆಮಣ್ಣು ಹಾಗೇ ಆಗುವುದಿಲ್ಲ, ಬಿರಿಯುತ್ತದೆ. ಮರಳು ಮಿಶ್ರಿತ ಕೆಮ್ಮಣ್ಣು ಒಳ್ಳೆಯದು. ಮೊದಲು ಗಾಜಿನ ಬಾಟಲಿಯಲ್ಲಿ ಮಣ್ಣು ನೀರು ಕಲಕಿ ಒಂದು ರಾತ್ರಿ ಬಿಡಿ. ಮರಳು ತಳದಲ್ಲಿ, ಜೇಡಿ ಮೇಲೆ ಕೂರುತ್ತದೆ, ಪಾಲು ಕಣ್ಣಿಗೇ ಕಾಣುತ್ತದೆ.

ಸುಟ್ಟ ಇಟ್ಟಿಗೆಯೇ ಬೇಕಾದರೆ ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಬಳಕೆಗೆ ತಂದ ಇಲಿಬೋನು (ರ‍್ಯಾಟ್ ಟ್ರ್ಯಾಪ್) ಗೋಡೆ ಕಟ್ಟುವ ರೀತಿ ಇದೆ. ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ ನಡುವೆ ಟೊಳ್ಳು ಬಿಡುತ್ತಾರೆ. ಸುಮಾರು ಕಾಲು ಭಾಗ ಇಟ್ಟಿಗೆ ಉಳಿಯುತ್ತದೆ, ಮನೆಯೂ ತಂಪು. ಆದರೆ ಇಟ್ಟಿಗೆ ಅಳತೆ ಒಂದೇ ಸಮ ಇರಬೇಕು, ಮೇಸ್ತ್ರಿಗೆ ಗೊತ್ತಿರಬೇಕು. ಮನೆಯವರು "ಎಲ್ಲರ ಹಾಗೆ ಇರಲಿ" ಅಂದರೆ ಒತ್ತಾಯ ಮಾಡಬೇಡಿ. ಅದರಲ್ಲಿ ಬಾಳುವವರು ಅವರು.

ಸೈಟಿನಲ್ಲಿ

ಕರಣೆ ಹಿಡಿಯುವ ಆಸೆ ಎಲ್ಲರಿಗೂ. ನನಗೂ ಇತ್ತು. ನಾನು ಕಟ್ಟಿದ ಎರಡು ವರಸೆಯನ್ನು ಮೇಸ್ತ್ರಿ ಮಾತಿಲ್ಲದೆ ಕಿತ್ತು ಮತ್ತೆ ಕಟ್ಟಿದರು. ಗೋಡೆ, ಕಂಬಿ, ಮೋಲ್ಡ್ ಅವರಿಗೇ ಬಿಡಿ. ನಮಗೆ ಉಳಿದದ್ದು ಪಾಯ ತೋಡುವುದು, ಜರಡಿ ಹಿಡಿಯುವುದು, ಬಾಂಡ್ಲಿ ಸಾಗಿಸುವುದು, ಇಟ್ಟಿಗೆ ನೆನೆಸುವುದು, ಬಣ್ಣ. ಸುಟ್ಟ ಇಟ್ಟಿಗೆಯನ್ನು ನೆನೆಸಬೇಕು. ಸಿಮೆಂಟ್ ಬ್ಲಾಕನ್ನು ತೊಟ್ಟಿಯಲ್ಲಿ ನೆನೆಸಿಡಬಾರದು. ಇದನ್ನು ಅದಲುಬದಲು ಮಾಡಿದವರನ್ನು ನೋಡಿದ್ದೇನೆ.

ನೀವು ಹೋದ ದಿನ ಕೈಯಾಳಿನ ಕೂಲಿ ತಪ್ಪಬಾರದು. ಇಪ್ಪತ್ತು ಜನ ಪುಕ್ಕಟೆ ಬಂದರು ಅಂತ ಅವರನ್ನು ಮನೆಗೆ ಕಳಿಸಿದರೆ ಒಬ್ಬ ಬಡವರಿಗೆ ಕೊಡಲು ಇನ್ನೊಬ್ಬ ಬಡವರಿಂದ ಕಿತ್ತ ಹಾಗೆ. ಅವರ ಬಟವಾಡೆ ಲೆಕ್ಕದಲ್ಲಿ ಇರಲಿ.

ಶೂ, ಕೈಗವಸು ಬೇಕೇ ಬೇಕು. ಹಸಿ ಸಿಮೆಂಟ್ ಚರ್ಮ ಸುಡುತ್ತದೆ, ಗೊತ್ತಾಗುವುದು ರಾತ್ರಿ. 50 ಕೆ.ಜಿ. ಮೂಟೆಯನ್ನು ಒಬ್ಬರೇ ಎತ್ತಿ ಗಂಡಸ್ತನ ತೋರಿಸಬೇಡಿ. 18 ತುಂಬದ ಮಕ್ಕಳನ್ನು ಸಾರವೆ ಹತ್ತಿಸಬೇಡಿ.

ಈಗ ಆ ನಡುವಿನ ದಿನಗಳು. ಮೋಲ್ಡ್ ಹಾಕಿದ ಮೇಲೆ ಕನಿಷ್ಠ 10 ದಿನ ಒಣಗಲು ಬಿಡಬಾರದು, ಬಿಸಿಲು ಜೋರಿದ್ದರೆ 14 ದಿನ. ಮೇಲೆ ಗಾರೆಯಿಂದ ಸಣ್ಣ ಬದು ಕಟ್ಟಿ ನೀರು ನಿಲ್ಲಿಸುತ್ತಾರೆ. ಮನೆಯವರು ಬೆಳಿಗ್ಗೆಯೇ ಕೂಲಿಗೆ ಹೋಗಿರುತ್ತಾರೆ. ಏಪ್ರಿಲ್‌ನಲ್ಲಿ ಪಾವಗಡದ ಕಡೆ ಮಧ್ಯಾಹ್ನದೊಳಗೆ ನೀರು ಇಂಗಿಬಿಡುತ್ತದೆ, ಬೋರ್‌ವೆಲ್ಲೂ ಕೈಕೊಡುತ್ತದೆ. ಅದಕ್ಕೆ ಟ್ಯಾಂಕರ್ ದುಡ್ಡನ್ನು ಮೊದಲೇ ತೆಗೆದಿಡಿ. 14 ದಿನಕ್ಕೆ 14 ಹೆಸರಿನ ಪಾಳಿ ಬರೆಯಿರಿ. ಬೈಕಿನಲ್ಲಿ ಹೋಗಿ, ನೀರು ಹಾಕಿ, ಫೋಟೊ ಕಳಿಸಿ ಬರುವುದು, ಅಷ್ಟೇ. ಸೆಂಟ್ರಿಂಗ್ ಬಿಚ್ಚುವ ದಿನವನ್ನು ಮೇಸ್ತ್ರಿ ಹೇಳಲಿ. ಬಾಡಿಗೆ ಉಳಿಯುತ್ತದೆ ಅಂತ ಅವಸರ ಮಾಡಬೇಡಿ. ಆ ಹಂತದ ಜಿಪಿಎಸ್ ಫೋಟೊ ಆಯಿತಾ ಎಂದು ಅದೇ ವಾರ ಪಂಚಾಯಿತಿಯಲ್ಲಿ ವಿಚಾರಿಸಿ.

ಊಟ ಕಟ್ಟಿಕೊಂಡು ಹೋಗಿ. ಇಪ್ಪತ್ತು ಜನಕ್ಕೆ ಮುದ್ದೆ ಸಾರು ಮಾಡಲು ಆ ಮನೆಯವರು ಸಾಲ ಮಾಡಿದ್ದನ್ನು ಕಂಡಿದ್ದೇನೆ. ತೀರಾ ಬಲವಂತ ಮಾಡಿದರೆ ಮಜ್ಜಿಗೆ ಕುಡಿಯಿರಿ.